ಸೈಕಲ್ಲಿನಲ್ಲಿ ಹೋಗಿ ತೋಟದ ಮನೆಯಲ್ಲಿ ಉಳಿಯುವವರೇ, ಮೊದಲು ಇದನ್ನು ಓದಿ

ಸೈಕಲ್ ಹತ್ತಿ ಊರೂರು ಸುತ್ತುತ್ತಾ, ದಾರಿಯಲ್ಲಿ ಸಿಗುವ ತೋಟದ ಮನೆಗಳಲ್ಲಿ ಕೆಲಸ ಮಾಡಿಕೊಂಡು ಉಳಿಯಬೇಕು ಅಂತ ಯೋಚಿಸುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಅಡಿಕೆ ಕೊಯ್ಲಿನ ಹೊತ್ತಿಗೆ ಶಿರಸಿ, ಸಿದ್ದಾಪುರ ಕಡೆ ಹೊರಟವರಿಗೆ. ಹೋಗಬೇಡಿ ಅಂತ ಹೇಳುತ್ತಿಲ್ಲ. ನಾನು ಪಟ್ಟ ಪಾಡು ನಿಮಗೆ ಬರಬಾರದು, ಅಷ್ಟೇ.

ನಾನು ಕಾರವಾರದವನು. ಕೆಲಸ ಬಿಟ್ಟು ಮೂರು ತಿಂಗಳು ಸೈಕಲ್ಲಿನಲ್ಲೇ ಇರಬೇಕು ಅಂತ ಜನವರಿಯಲ್ಲಿ ಮನೆಯಿಂದ ಹೊರಟೆ. ಶಿರಸಿ, ಸಿದ್ದಾಪುರ, ಸಾಗರ, ಹಾಗೇ ಘಟ್ಟದ ಮೇಲೆ ಕೊಡಗಿನ ತನಕ. ಕೈಯಲ್ಲಿ ದುಡ್ಡು ಜಾಸ್ತಿ ಇರಲಿಲ್ಲ. ಅದಕ್ಕೇ ತೋಟದ ಕೆಲಸದ ಯೋಚನೆ ಬಂದದ್ದು. ಅರ್ಧ ದಿನ ಕೆಲಸ ಮಾಡುವುದು, ಅವರು ಊಟ ಹಾಕಿ ಮಲಗಲು ಜಾಗ ಕೊಡುವುದು, ಇಬ್ಬರ ನಡುವೆ ದುಡ್ಡಿನ ಮಾತಿಲ್ಲ. ಈ ಪದ್ಧತಿ ಹೊಸದೇನಲ್ಲ. 1971ರಲ್ಲಿ ಇಂಗ್ಲೆಂಡಿನಲ್ಲಿ ಸೂ ಕೊಪಾರ್ಡ್ ಎಂಬ ಮಹಿಳೆ ಶುರು ಮಾಡಿದ್ದು. ಲಂಡನ್ನಿನ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ ಅವರಿಗೆ ವಾರದ ಕೊನೆಯ ಎರಡು ದಿನವಾದರೂ ಹಳ್ಳಿಯಲ್ಲಿ ಮಣ್ಣಿನ ಕೆಲಸ ಮಾಡಬೇಕು ಅನ್ನಿಸಿತಂತೆ. ಅದೇ ಮುಂದೆ ವೂಫ್ ಅಂತ ಹೆಸರಾಗಿ ಎಷ್ಟೋ ದೇಶಗಳಿಗೆ ಹಬ್ಬಿತು. ಅಲ್ಲಿ ಸಾಮಾನ್ಯವಾಗಿ ದಿನಕ್ಕೆ ನಾಲ್ಕರಿಂದ ಆರು ತಾಸು ಕೆಲಸ. ನಾನು ಹೋದ ಜಾಗ ಇಂಥ ಯಾವ ಸಂಸ್ಥೆಗೂ ಸೇರಿದ್ದಲ್ಲ. ಯಾರೋ ಹಂಚಿಕೊಂಡ ನಾಲ್ಕು ಚೆಂದದ ಫೋಟೋ ನೋಡಿ, ಅದರಡಿ ಇದ್ದ ನಂಬರಿಗೆ ಫೋನ್ ಮಾಡಿದೆ. ನಾನು ಮಾಡಿದ ಮೊದಲ ತಪ್ಪು ಅದು.

ಫೋನಿನಲ್ಲಿ ಮಾತು ತುಂಬಾ ಆತ್ಮೀಯವಾಗಿತ್ತು. 'ಬಾರೋ ತಮಾ, ಮನೆಯವರ ಹಾಗೇ ಇದ್ಬಿಡು' ಅಂದರು. ದಿನಕ್ಕೆ ಎಷ್ಟು ಹೊತ್ತು ಕೆಲಸ ಇರುತ್ತದೆ ಅಂತ ಕೇಳಿದೆ. 'ಮನೆಯವರ ಹತ್ರ ಲೆಕ್ಕ ಎಂತಕ್ಕೆ?' ಅಂದರು. ನನಗೆ ಖುಷಿಯಾಯಿತು. ಇನ್ನೇನೂ ಕೇಳದೆ ಫೋನ್ ಇಟ್ಟೆ.

ಕಾರವಾರದಿಂದ ಕುಮಟಾಕ್ಕೆ ಸುಮಾರು 70 ಕಿಲೋಮೀಟರ್. ಅಂಕೋಲಾ ದಾಟಿದ ಮೇಲೆ ಶಿರೂರು ಬರುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಅಲ್ಲೇ. ಆ ಜಾಗದಲ್ಲಿ ಸೈಕಲ್ ನಿಲ್ಲಿಸದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ. ಕುಮಟಾದಲ್ಲಿ ಪರಿಚಯದವರ ಮನೆಯಲ್ಲಿ ಮಲಗಿ, ಮಾರನೇ ದಿನ ಬೆಳಿಗ್ಗೆ ಕತಗಾಲದ ಮೇಲೆ ದೇವಿಮನೆ ಘಟ್ಟ ಹತ್ತಿದೆ. ಹಿಂದಿನ ಕ್ಯಾರಿಯರಿನ ಮೇಲೆ ಎರಡು ಚೀಲ, 14 ಕೆಜಿ ಭಾರ. ಘಟ್ಟದ ತುದಿಗೆ ಬಂದಾಗ ಕಾಲು ನಡುಗುತ್ತಿತ್ತು. ಆ ತೋಟ ಮುಟ್ಟುವಾಗ ಸಂಜೆ ಐದೂವರೆ. ಊರಿನ ಹೆಸರು ಹೇಳುವುದಿಲ್ಲ. ಸಣ್ಣ ಊರು, ಅಲ್ಲಿ ನನಗೆ ಒಳ್ಳೆಯದು ಮಾಡಿದವರೂ ಇದ್ದಾರೆ.

ಹೋದ ಕೂಡಲೇ ಆಸರಿಗೆ, ಅಂದರೆ ಕುಡಿಯಲು ಕೊಟ್ಟರು, ಬೆಲ್ಲ ಕೊಟ್ಟರು. ಸೈಕಲ್ ಹೊರಗಿಟ್ಟರೆ ಕಳ್ಳರ ಕಾಟ ಅಂತ ಒಳಗಿನ ಕೋಣೆಗೆ ಹಾಕಿ ಬೀಗ ಜಡಿದರು. ಕೀಲಿಕೈ ಅವರ ಜೇಬಿಗೆ ಹೋಯಿತು. ಪುಸ್ತಕದಲ್ಲಿ ಬರೆದುಕೊಳ್ಳಬೇಕು ಅಂತ ಆಧಾರ್ ಕಾರ್ಡು ತೆಗೆದುಕೊಂಡವರು ವಾಪಸ್ ಕೊಡಲಿಲ್ಲ. ರೂಮು ಅಂದಿದ್ದರು. ನಾನು ಮಲಗಿದ್ದು ಅಟ್ಟದ ಮೇಲೆ, ಅಡಿಕೆ ಚೀಲಗಳ ನಡುವೆ.

ಮರುದಿನ ಬೆಳಿಗ್ಗೆ ಆರಕ್ಕೆ ಎಬ್ಬಿಸಿದರು. ಕೊನೆಗೌಡ ಮರ ಹತ್ತಿ ಅಡಿಕೆ ಕೊನೆ ಕೊಯ್ದು ಇಳಿಸುತ್ತಿದ್ದರೆ ಕೆಳಗೆ ಅದನ್ನು ಹಿಡಿಯುವುದು, ಬಿದ್ದ ಅಡಿಕೆ ಹೆಕ್ಕುವುದು, ಕೊನೆಗಳನ್ನು ಹೊತ್ತು ತೋಟದ ಏರು ಹತ್ತಿ ಅಂಗಳಕ್ಕೆ ತರುವುದು. ಮಧ್ಯಾಹ್ನ ಊಟಕ್ಕೆ ಅರ್ಧ ತಾಸು. ಊಟದ ಬಗ್ಗೆ ಸುಳ್ಳು ಹೇಳುವುದಿಲ್ಲ. ತಂಬುಳಿ, ಅಪ್ಪೆಹುಳಿ, ಮಿಡಿ ಉಪ್ಪಿನಕಾಯಿ, ಎಲ್ಲ ಚೆನ್ನಾಗಿತ್ತು. ಸಂಜೆ ಆದ ಮೇಲೆ ಕೆಲಸ ಮುಗಿಯಿತು ಅಂದುಕೊಂಡೆ. ನಿಜವಾದ ಕೆಲಸ ಶುರುವಾಗಿದ್ದೇ ಆಗ.

ಕೆಂಪಡಿಕೆ ಮಾಡುವವರು ಹಸಿ ಅಡಿಕೆಯನ್ನು ಹಾಗೇ ಇಟ್ಟುಕೊಳ್ಳುವ ಹಾಗಿಲ್ಲ. ಕೊಯ್ದದ್ದನ್ನು ಬೇಗ ಸುಲಿದು ಬೇಯಿಸಬೇಕು. ಅದಕ್ಕೇ ಕೊಯ್ಲಿನ ದಿನಗಳಲ್ಲಿ ರಾತ್ರಿಯೆಲ್ಲ ಸುಲಿಯುವುದು. ನನ್ನ ಮುಂದೆ ಒಂದು ಮೆಟ್ಟುಗತ್ತಿ ಇಟ್ಟರು. ಮಣೆಯ ತುದಿಯಲ್ಲಿ ಕತ್ತಿ ನಿಂತಿರುತ್ತದೆ. ಎರಡೂ ಕೈಯಲ್ಲಿ ಅಡಿಕೆ ಹಿಡಿದು ಕತ್ತಿಯ ಮೊನೆಗೆ ಒತ್ತಿ ತಿರುಗಿಸಬೇಕು, ಸಿಪ್ಪೆ ಬಿಟ್ಟುಕೊಳ್ಳುತ್ತದೆ. ರೂಢಿ ಇದ್ದವರ ಕೈಯಲ್ಲಿ ಕಣ್ಣು ಮಿಟುಕಿಸುವುದರೊಳಗೆ ಒಂದು. ನನ್ನ ಹೆಬ್ಬೆರಳು ಮೊದಲ ತಾಸಿನಲ್ಲೇ ಎರಡು ಕಡೆ ಕೊಯ್ದುಕೊಂಡಿತು. ಬಟ್ಟೆ ಸುತ್ತಿಕೊಂಡು ಮುಂದುವರಿಸಿದೆ. ಹಸಿ ಅಡಿಕೆಯ ಕಲೆ ಗಾಯಕ್ಕೆ ತಾಗಿದರೆ ಎಷ್ಟು ಉರಿಯುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು. ಬೆರಳೆಲ್ಲ ಕಪ್ಪಾಯಿತು, ಎಷ್ಟು ತಿಕ್ಕಿದರೂ ಹೋಗಲಿಲ್ಲ. ಎದ್ದಾಗ ರಾತ್ರಿ ಹನ್ನೊಂದೂವರೆ. ನನ್ನ ಪಕ್ಕದಲ್ಲಿ ಸುಲಿಯುತ್ತಿದ್ದ ಹೆಂಗಸರಿಗೆ ಅಳತೆ ಲೆಕ್ಕದಲ್ಲಿ ಕೂಲಿ ಇತ್ತು. ನನಗೆ ಇರಲಿಲ್ಲ, ಯಾಕೆಂದರೆ ನಾನು ಮನೆಯವನು!

ಕೆಲಸ ಕಷ್ಟ ಅಂತ ನಾನು ದೂರುತ್ತಿಲ್ಲ. ಅಡಿಕೆ ಬೆಳೆಯುವವರಿಗೆ ಆಳು ಸಿಗುತ್ತಿಲ್ಲ, ಅದು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಕೂಲಿಯವರು ಬೇಕು ಅಂತ ನೇರವಾಗಿ ಕರೆದಿದ್ದರೆ, ಕೂಲಿ ಮಾತಾಡಿಕೊಂಡು ನಾನೇ ಬರುತ್ತಿದ್ದೆನೇನೋ. ಪ್ರೀತಿಯ ಮಾತಾಡಿ ಹದಿನೈದು ಹದಿನಾರು ತಾಸು ದುಡಿಸಿಕೊಂಡದ್ದು ತಪ್ಪು.

ಆದರೆ ಇದಕ್ಕಿಂತ ದೊಡ್ಡ ತಪ್ಪು ಮಾರನೇ ದಿನ ನಡೆಯಿತು. ಬೆಟ್ಟಕ್ಕೆ ಹೋಗಿ ದರಕು ತರಬೇಕು ಅಂದರು. ಘಟ್ಟದ ಕೆಳಗಿನವರಿಗೆ ಹೇಳುವುದಾದರೆ, ದರಕು ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆ. ಅದನ್ನು ಗುಡಿಸಿ ಹೆಡಿಗೆಯಲ್ಲಿ ತುಂಬಿ ತಂದು ಕೊಟ್ಟಿಗೆಗೆ, ತೋಟಕ್ಕೆ ಹಾಕುತ್ತಾರೆ. ನಾನು ಸೈಕಲ್ ತುಳಿಯುವ ಚಡ್ಡಿ, ಚಪ್ಪಲಿಯಲ್ಲೇ ಹೋದೆ. ಯಾರೂ ಬೇಡ ಅನ್ನಲಿಲ್ಲ. ಮಧ್ಯಾಹ್ನದ ತನಕ ಎಲೆಯ ರಾಶಿಯಲ್ಲಿ ಕೂತು, ಎದ್ದು, ಮಂಡಿ ಊರಿ ಗುಡಿಸಿದೆ.

ಸಂಜೆ ಕಾಲು ತೊಳೆಯುವಾಗ ಆಚೆ ಮನೆಯ ಅಕ್ಕ ಒಬ್ಬರು ಮಜ್ಜಿಗೆ ಕೊಡಲು ಬಂದವರು ನನ್ನ ಕಾಲನ್ನೇ ನೋಡುತ್ತಾ ನಿಂತರು. 'ತಮಾ, ನೀನು ದರಕಿಗೆ ಹೋಗಿದ್ಯಾ? ಎಣ್ಣೆ ಹಚ್ಕಂಡು ಹೋಗಿದ್ಯಾ ಇಲ್ವಾ?' ಅಂದರು. ಯಾವ ಎಣ್ಣೆ ಅಂದೆ. ಅವರ ಮುಖ ಬಾಡಿತು. ಟಾರ್ಚು ತಂದು ಮೊಣಕಾಲಿನ ಹಿಂದೆ ತೋರಿಸಿದರು. ಗಸಗಸೆ ಕಾಳಿನಷ್ಟು ಸಣ್ಣ ಕಪ್ಪು ಚುಕ್ಕಿ. ನಾನು ಮಣ್ಣು ಅಂದುಕೊಂಡಿದ್ದೆ. ಬೆರಳಲ್ಲಿ ಒರೆಸಿದರೆ ಹೋಗಲಿಲ್ಲ. ಅದು ಚರ್ಮ ಕಚ್ಚಿಕೊಂಡು ಕೂತ, ರಕ್ತ ಹೀರುವ ಉಣುಗು. ಅಂಥವು ಒಂಬತ್ತು ಇದ್ದವು.

ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದ. ಇದನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರ ತಾಲೂಕಿನಲ್ಲಿ ಈಚಿನ ವರ್ಷಗಳಲ್ಲಿ ಇದರಿಂದ ಜನ ಸತ್ತಿದ್ದಾರೆ. ಡಿಸೆಂಬರಿನಿಂದ ಮೇ ತನಕ ಇದರ ಕಾಲ, ಅಂದರೆ ಸರಿಯಾಗಿ ಅಡಿಕೆ ಕೊಯ್ಲು, ದರಕು ಗುಡಿಸುವ ಹೊತ್ತು. ಸೈಕಲ್ ಪ್ರವಾಸಕ್ಕೂ ಅದೇ ಒಳ್ಳೆಯ ಹವೆ, ಅಲ್ವಾ? ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದ ಹಾಗೆ ಜ್ವರ, ತಲೆನೋವು, ಮೈಕೈ ನೋವು ಬರುತ್ತದೆ. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಇದಕ್ಕೇ ಅಂತ ಔಷಧಿ ಇಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಈಗ ಕೊಡುವುದಿಲ್ಲ. ಕಾಡಿಗೆ ಹೋಗುವವರು ಉಣುಗು ಕಚ್ಚದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಂಡು, ಮೈ ತುಂಬ ಬಟ್ಟೆ ಹಾಕಿಕೊಂಡು ಹೋಗಬೇಕು, ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಆ ಎಣ್ಣೆಯನ್ನು ಆರೋಗ್ಯ ಇಲಾಖೆಯವರು ಆಶಾ ಕಾರ್ಯಕರ್ತೆಯರ ಕೈಯಲ್ಲಿ ಮನೆಮನೆಗೆ ಪುಕ್ಕಟೆ ಕೊಡುತ್ತಾರೆ. ನಾನಿದ್ದ ಮನೆಯಲ್ಲೂ ಬಾಟಲಿ ಇತ್ತು. ದೇವರ ಗೂಡಿನ ಪಕ್ಕದಲ್ಲೇ ಇತ್ತು. ಅದನ್ನು ಕಂಡಾಗ ಬಂದಷ್ಟು ಸಿಟ್ಟು ನನಗೆ ಬೇರೆ ಯಾವುದಕ್ಕೂ ಬರಲಿಲ್ಲ.

ಆ ಅಕ್ಕ ಚಿಮಟಿಗೆಯಲ್ಲಿ ಒಂದೊಂದಾಗಿ ತೆಗೆದುಕೊಟ್ಟರು. ಅವರ ಉಪಕಾರ ನಾನು ಮರೆಯುವುದಿಲ್ಲ.

ಅವತ್ತು ರಾತ್ರಿಯೇ ನಾಳೆ ಹೊರಡುತ್ತೇನೆ ಅಂದೆ. 'ಕೊಯ್ಲು ಅರ್ಧಕ್ಕೆ ಬಿಟ್ಟು ಹೋಗುವುದು ಅಂದ್ರೆ ಎಂತದು?' ಅಂದರು. ಬೆಳಗಾದ ಮೇಲೆ ಕೀಲಿಕೈ ಮಗನ ಹತ್ತಿರ ಇದೆ, ಅವನು ಪೇಟೆಗೆ ಹೋಗಿದ್ದಾನೆ ಅಂದರು. ಅವತ್ತೂ ಸುಲಿದೆ. ಮೊಬೈಲಿಗೆ ಅಲ್ಲಿ ನೆಟ್‌ವರ್ಕ್ ಇಲ್ಲ. ಸಂಜೆ ಎರಡು ಕಿಲೋಮೀಟರ್ ನಡೆದು, ದರೆ ಹತ್ತಿ, ಸಿಗ್ನಲ್ ಸಿಗುವ ಜಾಗದಿಂದ ಗೆಳೆಯನಿಗೆ ಫೋನ್ ಮಾಡಿದೆ. ಅವನು ಒಂದೇ ಮಾತು ಹೇಳಿದ: 'ನಾಳೆ ಬೆಳಿಗ್ಗೆ ಸೈಕಲ್ ಕೊಡದಿದ್ದರೆ 112ಕ್ಕೆ ಫೋನ್ ಮಾಡುತ್ತೇನೆ ಅಂತ ಹೇಳು.' ಹೇಳಿದೆ. ಕೀಲಿಕೈ ಅವರ ಜೇಬಿನಲ್ಲೇ ಇತ್ತು.

ಆದರೆ ಆಗ ಲೆಕ್ಕ ಶುರುವಾಯಿತು. ಯಾರು ಲೆಕ್ಕ ಎಂತಕ್ಕೆ ಅಂದಿದ್ದರೋ ಅವರೇ ಕಾಗದ ತೆಗೆದು ರಾತ್ರಿಗೆ 1,200ರಂತೆ ನಾಲ್ಕು ರಾತ್ರಿಗೆ 4,800 ಅಂತ ಬರೆದರು. ಜಗಳವಾಡಿ ಕೊನೆಗೆ 2,000 ಕೊಟ್ಟು ಆಧಾರ್ ಕಾರ್ಡು ಬಿಡಿಸಿಕೊಂಡೆ. ಇವತ್ತಿಗೂ ಅದು ಮನಸ್ಸಿನಲ್ಲಿ ಕೊರೆಯುತ್ತದೆ. ಸೈಕಲ್ಲನ್ನು ಯಾರೋ ಓಡಿಸಿ ಬೀಳಿಸಿದ್ದರು. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ಲೋಹದ ತುಂಡು, ಹ್ಯಾಂಗರ್, ಬಗ್ಗಿ, ಚೈನು ಕಡ್ಡಿಗಳ ಕಡೆ ಎಳೆಯುತ್ತಿತ್ತು. ತುಳಿದರೆ ಚಕ್ರವೇ ಹೋಗುತ್ತಿತ್ತು. ಬೆಳಗಿನ ವಸ್ತಿ ಬಸ್ ಆಗಲೇ ಹೋಗಿಯಾಗಿತ್ತು. ಶಿರಸಿಯ ತನಕ 17 ಕಿಲೋಮೀಟರ್ ಸೈಕಲ್ ತಳ್ಳಿಕೊಂಡೇ ನಡೆದೆ.

ಶಿರಸಿಯಲ್ಲಿ ಎರಡು ದಿನ ನಿಂತು ಸೈಕಲ್ ಸರಿಮಾಡಿಸಿ ಸಿದ್ದಾಪುರಕ್ಕೆ ಬಂದೆ. ಉಣುಗು ಕಚ್ಚಿ ಐದನೇ ದಿನ ಜ್ವರ ಬಂತು. ಮೈ ಕುದಿಯುತ್ತಿತ್ತು, ಕಣ್ಣಿನ ಹಿಂದೆ ನೋವು. ತಾಲೂಕು ಆಸ್ಪತ್ರೆಗೆ ಹೋಗಿ ದರಕಿನ ವಿಷಯ, ಕಚ್ಚಿದ ದಿನ ಎಲ್ಲ ಹೇಳಿದೆ. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವ ತನಕ ಹಾಸಿಗೆಯಲ್ಲಿ ಮಲಗಿ, ಅಮ್ಮನಿಗೆ ಫೋನಿನಲ್ಲಿ ಸುಮ್ನೆ ಆರಾಮಿದ್ದೇನೆ ಅಂತ ಸುಳ್ಳು ಹೇಳುತ್ತಿದ್ದೆ. ನೆಗೆಟಿವ್ ಬಂತು. ಬೇರೆ ಯಾವುದೋ ಜ್ವರ, ನಾಲ್ಕು ದಿನಕ್ಕೆ ಇಳಿಯಿತು.

ಈಗ ನಿಮಗೆ ಹೇಳುವುದು ಇಷ್ಟು. ಎಷ್ಟು ತಾಸು, ಯಾವ ಕೆಲಸ, ಎಲ್ಲಿ ಮಲಗುವುದು ಅಂತ ಹೊರಡುವ ಮೊದಲೇ ಕೇಳಿ, ಉತ್ತರವನ್ನು ಮೆಸೇಜಿನಲ್ಲೇ ತರಿಸಿಕೊಳ್ಳಿ. ಮೂಲ ಆಧಾರ್ ಕಾರ್ಡು ಯಾರಿಗೂ ಬಿಟ್ಟುಕೊಡಬೇಡಿ. ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕೇ ಕಾಣುವ ಪ್ರತಿ ಡೌನ್‌ಲೋಡ್ ಮಾಡಿಕೊಳ್ಳಲು ಬರುತ್ತದೆ, ಅದರ ಪ್ರಿಂಟು ಕೊಡಿ. ಸೈಕಲ್ಲಿಗೆ ನಿಮ್ಮದೇ ಬೀಗ, ಕೀಲಿಕೈ ನಿಮ್ಮ ಕುತ್ತಿಗೆಯಲ್ಲಿ. ಅಲ್ಲಿಂದ ಹೊರಡುವ ದಾರಿ ನಿಮಗೆ ಆ ಸೈಕಲ್ಲೇ. ನಿಮ್ಮ ಸೈಕಲ್ಲಿನ ಫ್ರೇಮಿಗೆ ಹೊಂದುವ ಹ್ಯಾಂಗರ್ ಒಂದು ಜಾಸ್ತಿ ಇಟ್ಟುಕೊಳ್ಳಿ, ಎಲ್ಲ ಊರಿನಲ್ಲಿ ಸಿಗುವುದಿಲ್ಲ. ಡಿಸೆಂಬರಿನಿಂದ ಮೇ ತನಕ ಬೆಟ್ಟದ ಕೆಲಸಕ್ಕೆ ಯಾರು ಕರೆದರೂ ಆಗುವುದಿಲ್ಲ ಅನ್ನಿ. ಕಾಡಿನಲ್ಲಿ ಟೆಂಟು ಹಾಕುವುದೂ ಬೇಡ. ಅಪ್ಪಿತಪ್ಪಿ ಉಣುಗು ಕಚ್ಚಿದರೆ ತಾರೀಖು ಬರೆದಿಟ್ಟುಕೊಳ್ಳಿ, ಜ್ವರ ಬಂದರೆ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ.

ಜ್ವರ ಬಿಟ್ಟ ಮೇಲೆ ವಾಪಸ್ ಮನೆಗೆ ಹೋಗುವುದೇ ಅಂತ ಇದ್ದೆ. ಕೊನೆಗೆ ಇನ್ನೊಂದೇ ಕಡೆ ನೋಡೋಣ ಅಂತ ಸಿದ್ದಾಪುರ ತಾಲೂಕಿನ ಒಂದು ತೋಟಕ್ಕೆ ಈ ಪ್ರಶ್ನೆಗಳನ್ನೆಲ್ಲ ಬರೆದು ಕಳಿಸಿದೆ. ಅರ್ಧ ತಾಸಿನಲ್ಲಿ ಆ ಮನೆಯ ಅಜ್ಜಿಯ ಧ್ವನಿಯಲ್ಲೇ ಉತ್ತರ ಬಂತು: 'ಬೆಳಿಗ್ಗೆ ಎಂಟರಿಂದ ಹನ್ನೆರಡೂವರೆ ಕೆಲಸ. ಬೆಟ್ಟಕ್ಕೆ ಕಳಿಸೂದಿಲ್ಲ. ವಸ್ತಿ ಬಸ್ಸು ಬೆಳಿಗ್ಗೆ ಆರೂವರೆಗೆ ಹೊರಡ್ತದೆ. ಸೈಕಲ್ ಜಗಲಿ ಮೇಲೆ ನಿನ್ನ ಕಣ್ಣೆದುರೇ ಇಟ್ಕೋ ಮಗಾ.' ಆ ಮನೆಯಲ್ಲಿ ಹನ್ನೊಂದು ದಿನ ಇದ್ದೆ.