ಎಸ್‌ಪಿ ರೋಡಿನ ಎಂಟನೇ ಜೆನ್: ನಾಲ್ಕು ವರ್ಷ ಬಳಸಿದ ಮೇಲೆ

ಆಪಲ್‌ನವರ ಸೆಪ್ಟೆಂಬರ್ ಕಾರ್ಯಕ್ರಮ ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತೂವರೆಗೆ ಶುರು. ಮನೆಯವರೆಲ್ಲ ಮಲಗಿದ ಮೇಲೆ ಸದ್ದು ತಗ್ಗಿಸಿಕೊಂಡು ಅದನ್ನು ಕೊನೆತನಕ ನೋಡುವವನು ನಾನು. ಹೊಸ ಚಿಪ್ಪು ಬಂತೆಂದರೆ ಅದರಲ್ಲಿ ಕೋರ್ (ಲೆಕ್ಕ ಮಾಡುವ ಮಿದುಳು) ಎಷ್ಟು, ಕ್ಯಾಶ್ (ಚಿಪ್ಪಿನೊಳಗಿನ ಪುಟ್ಟ ಮೆಮೊರಿ) ಎಷ್ಟು ಅಂತ ಬಾಯಿಪಾಠ. ಇಂಥವನು ನಾಲ್ಕು ವರ್ಷದಿಂದ ದಿನಾ ಬಳಸುತ್ತಿರುವುದು ಮಾತ್ರ 26,500 ರೂಪಾಯಿಗೆ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌ಪಿ ರೋಡಿನಿಂದ ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪನ್ನು. ಯಾವ ಕಂಪನಿಯದು ಅಂತ ಹೇಳಲ್ಲ. ಆಫೀಸುಗಳಿಗೆ ಸಾವಿರಗಟ್ಟಲೆ ಮಾರುತ್ತಾರಲ್ಲ, ಹದಿನಾಲ್ಕು ಇಂಚಿನ ಕಪ್ಪು ಡಬ್ಬ, ಒಂದು ಮುಕ್ಕಾಲು ಕೆಜಿ ತೂಕ, ಆ ಪೈಕಿ ಒಂದು.

ತಂದದ್ದು 2021ರ ನವೆಂಬರಿನಲ್ಲಿ. ಆಗ ಎಲ್ಲರೂ ಮನೆಯಿಂದಲೇ ಕೆಲಸ, ಮಕ್ಕಳಿಗೆ ಆನ್‌ಲೈನ್ ಪಾಠ, ಮೇಲೆ ಚಿಪ್ಪಿನ ಕೊರತೆ. ಹೊಸದರ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತಿತ್ತು. ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ನಡೆದೆ. ಎಸ್‌ಪಿ ರೋಡಿಗೆ ಗಾಡಿ ತೆಗೆದುಕೊಂಡು ಹೋಗುವ ತಪ್ಪನ್ನು ಬೆಂಗಳೂರಿನವರು ಜೀವನದಲ್ಲಿ ಒಂದೇ ಸಲ ಮಾಡುತ್ತಾರೆ.

ಬೆಂಗಳೂರಿನಲ್ಲಿ ಇಂಥ ಯಂತ್ರಗಳಿಗೆ ಬರವಿಲ್ಲ. ಕಾರಣ ಸರಳ. ಇಲ್ಲಿನ ಕಂಪನಿಗಳು ಲ್ಯಾಪ್‌ಟಾಪುಗಳನ್ನು ಮೂರ್ನಾಲ್ಕು ವರ್ಷದ ಲೀಸಿಗೆ ಪಡೆಯುತ್ತವೆ, ಅವಧಿ ಮುಗಿದೊಡನೆ ಲಾಟುಗಟ್ಟಲೆ ಹೊರಗೆ ಕಳಿಸುತ್ತವೆ. ನನ್ನದರ ಮುಚ್ಚಳದ ಮೇಲೆ ಅಸೆಟ್ ಸ್ಟಿಕ್ಕರ್ ಕಿತ್ತ ಅಂಟು ಇನ್ನೂ ಇದೆ. ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಎರಡೂ ಸೋತವು.

ಅಂಗಡಿಯವರು ಒಂದೇ ರೀತಿ ಕಾಣುವ ಎರಡನ್ನು ಮುಂದಿಟ್ಟರು. ಒಂದರ ಚಿಪ್ಪು ಏಳನೇ ಜೆನ್, ಅಂದರೆ ಏಳನೇ ತಲೆಮಾರಿನದು, ಇನ್ನೊಂದರದು ಎಂಟನೇದು. "ಸಾರ್, ಏಳನೇದು ಐದು ಸಾವಿರ ಕಮ್ಮಿಗೆ ಕೊಡ್ತೀನಿ, ಆಮೇಲೆ ಬಂದು ನನ್ನ ಬೈಬೇಡಿ ಅಷ್ಟೆ" ಅಂದರು. ಆ ಮಾತಿಗೆ ನಾನು ಇವತ್ತಿಗೂ ಋಣಿ. ಇಂಟೆಲ್‌ನ ಏಳನೇ ತಲೆಮಾರಿನ ಐ5-7200ಯುನಲ್ಲಿ ಇದ್ದದ್ದು ಎರಡೇ ಕೋರ್. 2017ರಲ್ಲಿ ಬಂದ ಐ5-8250ಯುನಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್ (ಏಕಕಾಲಕ್ಕೆ ಹಿಡಿಯಬಲ್ಲ ಕೆಲಸದ ಎಳೆ), ವಿದ್ಯುತ್ತಿನ ಲೆಕ್ಕ ಮಾತ್ರ ಅದೇ ಹದಿನೈದು ವಾಟ್. ಹೆಸರಿನಲ್ಲಿ ಒಂದು ಅಂಕಿ ಬದಲಾದದ್ದಕ್ಕೆ ಅಷ್ಟು ದೊಡ್ಡ ಜಿಗಿತ ಅದರ ಹಿಂದಿನ ಕೆಲವು ವರ್ಷಗಳಲ್ಲಿ ಆಗಿರಲಿಲ್ಲ. ಇನ್ನೊಂದು ವಿಷಯವೂ ಇತ್ತು. ಆ ಅಕ್ಟೋಬರಿನಲ್ಲಷ್ಟೇ ವಿಂಡೋಸ್ 11 ಬಂದಿತ್ತು, ಮೈಕ್ರೋಸಾಫ್ಟ್ ಗೆರೆ ಎಳೆದದ್ದು ಹೆಚ್ಚುಕಡಿಮೆ ಎಂಟನೇ ಜೆನ್‌ಗೇ, ಅದಕ್ಕಿಂತ ಹಳೆಯವು ಹೊರಗೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಅದೇ ಬೀದಿಯಲ್ಲಿ ಏಳನೇ ಜೆನ್‌ಗಳನ್ನು ಇಟ್ಟಿಗೆಯಂತೆ ಪೇರಿಸಿಟ್ಟಿದ್ದನ್ನು ನೋಡಿದೆ. ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಹಾಕಿಕೊಳ್ಳುವವರಿಗೆ ಅವು ಈಗಲೂ ಲಾಭವೇ, ಅದು ಬೇರೆ ಮಾತು.

ಕೊಳ್ಳುವ ಮುಂಚೆ ನಾನು ನೋಡಿದ್ದು ಮುಖ್ಯವಾಗಿ ಬಯಾಸ್, ಅಂದರೆ ವಿಂಡೋಸಿಗೂ ಮುಂಚೆ ಯಂತ್ರವನ್ನು ಎಬ್ಬಿಸುವ ಒಳತಂತ್ರಾಂಶ. ಅಲ್ಲಿ ಹಳೆಯ ಕಂಪನಿಯ ಪಾಸ್‌ವರ್ಡ್ ಉಳಿದಿದ್ದರೆ ಆ ಯಂತ್ರ ಬಾಡಿಗೆ ಮನೆ ಇದ್ದಂತೆ, ಮೊಳೆ ಹೊಡೆಯಲೂ ಇನ್ನೊಬ್ಬರನ್ನು ಕೇಳಬೇಕು. ನನ್ನ ಸ್ನೇಹಿತರೊಬ್ಬರು ಇದನ್ನು ನೋಡದೆ ತಂದು, ಪೆನ್‌ಡ್ರೈವಿನಿಂದ ಬೂಟ್ ಮಾಡಲೂ ಆಗದೆ ವಾಪಸ್ ಕೊಡಲು ಹೋದಾಗ ಅಂಗಡಿಯವರು ಅವರ ಗುರುತೇ ಇಲ್ಲದವರಂತೆ ಆಡಿದರು. ಆಮೇಲೆ ಕೀಲು, ಪರದೆಯಲ್ಲಿ ಚುಕ್ಕೆ, ಎಲ್ಲ ಯುಎಸ್‌ಬಿ ತೂತುಗಳು. ಇವಕ್ಕೆ ಐದು ನಿಮಿಷ ಸಾಕು.

ಇನ್ನು ಬ್ಯಾಟರಿ. ಈ ನಾಲ್ಕು ವರ್ಷದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು, ಹೆಚ್ಚು ಕಲಿಸಿದ್ದು ಅದೇ. ತಂದಾಗ ಮೂಲ ಬ್ಯಾಟರಿ ಮುಕ್ಕಾಲು ಪಾಲು ಜೀವ ಹಿಡಿದಿತ್ತು, ಎರಡೂವರೆ ಗಂಟೆ ಬರುತ್ತಿತ್ತು. 2023ರಲ್ಲಿ ಅದು ನಲವತ್ತು ನಿಮಿಷಕ್ಕೆ ಇಳಿಯಿತು. ಕಂಪನಿಯದ್ದೇ ಬ್ಯಾಟರಿ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ ಅಂತ 1,900 ರೂಪಾಯಿಯ 'ಕಂಪ್ಯಾಟಿಬಲ್' ಹಾಕಿಸಿದೆ. ಹತ್ತು ತಿಂಗಳಿಗೆ ಟಚ್‌ಪ್ಯಾಡ್ ಕ್ಲಿಕ್ ಆಗುವುದು ನಿಂತಿತು. ಟಚ್‌ಪ್ಯಾಡೇ ಕೆಟ್ಟಿದೆ ಅಂದುಕೊಂಡು ವಾರಗಟ್ಟಲೆ ಮೌಸ್ ಹಿಡಿದು ಓಡಾಡಿದೆ. ಒಂದು ಭಾನುವಾರ ತಳ ಬಿಚ್ಚಿ ನೋಡಿದರೆ ಬ್ಯಾಟರಿ ಹಪ್ಪಳದಂತೆ ಉಬ್ಬಿ ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತುತ್ತಿದೆ! ನಿಮ್ಮ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಇದ್ದಕ್ಕಿದ್ದಂತೆ ಗಟ್ಟಿಯಾದರೆ, ತಳ ಮೇಜಿನ ಮೇಲೆ ಸಮ ಕೂರದಿದ್ದರೆ, ಮೊದಲು ಚಾರ್ಜರ್ ಕಿತ್ತುಹಾಕಿ. ಉಬ್ಬಿದ ಬ್ಯಾಟರಿಯೊಳಗೆ ಇರುವುದು ಅನಿಲ. ಅದನ್ನು ಒತ್ತಿ ಕೂರಿಸಲು, ಚುಚ್ಚಲು ಹೋಗಬೇಡಿ. ಕಸದ ಆಟೋಗೂ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ತಪ್ಪು ಆ ಬ್ಯಾಟರಿಯದ್ದು ಮಾತ್ರವಲ್ಲ, ನನ್ನದೂ ಇತ್ತು. ಇಪ್ಪತ್ನಾಲ್ಕು ಗಂಟೆಯೂ ಚಾರ್ಜರ್ ಸಿಕ್ಕಿಸಿಯೇ ಇಡುತ್ತಿದ್ದೆ. ಲಿಥಿಯಂ ಬ್ಯಾಟರಿಗೆ ಹಸಿವಿಗಿಂತ ಅಜೀರ್ಣವೇ ಹೆಚ್ಚು ಬಾಧೆ. ನೂರಕ್ಕೆ ತುಂಬಿಸಿ, ಅದರ ಮೇಲೆ ಬಿಸಿಯೂ ತಾಗುವಂತೆ ಇಟ್ಟರೆ ಬಳಸದೆಯೂ ಸವೆಯುತ್ತದೆ. ಮೂರನೇ ಬ್ಯಾಟರಿಗೆ 4,200 ಕೊಟ್ಟೆ, ಬಯಾಸ್‌ನಲ್ಲೇ ಶೇಕಡಾ 80ಕ್ಕೆ ಮಿತಿ ಹಾಕಿದೆ. ಎರಡು ವರ್ಷವಾಗುತ್ತ ಬಂತು, ಇಳಿದದ್ದು ನೂರಕ್ಕೆ ಏಳು ಪಾಲು. ಮಳೆಗಾಲದ ಸಂಜೆ ಕರೆಂಟು ಹೋದರೆ ಮೂರು ಗಂಟೆ ಎಳೆಯುತ್ತದೆ. ರೂಟರಿಗೆ ಒಂದು ಪುಟ್ಟ 12 ವೋಲ್ಟಿನ ಯುಪಿಎಸ್ ಇದೆ, ಹಾಗಾಗಿ ಕತ್ತಲಲ್ಲೂ ಇಂಟರ್ನೆಟ್ಟಿಗೆ ಭಂಗವಿಲ್ಲ.

ಇರುವೆಯ ಕತೆಯನ್ನೂ ಹೇಳಬೇಕು. ಕೋಡುಬಳೆ ತಿನ್ನುತ್ತ ಟೈಪ್ ಮಾಡುವ ಅಭ್ಯಾಸ ನನ್ನದು. ಒಂದು ಬೇಸಿಗೆಯಲ್ಲಿ ಕೀಲಿಮಣೆಯ ಸಂದಿಯಿಂದ ಸಾಲುಗಟ್ಟಿ ಇರುವೆ ಹೊರಡತೊಡಗಿದವು. ನನ್ನವಳು, "ಅವಕ್ಕೂ ಒಂದು ಪಾಸ್‌ವರ್ಡ್ ಕೊಟ್ಟುಬಿಡಿ" ಅಂದಳು. ತಳ ಬಿಚ್ಚಿದರೆ ಒಳಗೆ ಬಿಳಿ ಮೊಟ್ಟೆಗಳ ಸಂಸಾರವೇ ಇತ್ತು. ಬೆಚ್ಚಗಿನ ಜಾಗ, ಮೇಲಿನಿಂದ ಉದುರುವ ಊಟ, ಅವೂ ಯಾಕೆ ಬಿಡುತ್ತವೆ? ಬಣ್ಣ ಬಳಿಯುವ ಮೃದು ಬ್ರಷ್‌ನಿಂದ ಗುಡಿಸಿ, ಫ್ಯಾನಿನಲ್ಲಿ ಕಂಬಳಿಯಂತೆ ಕೂತಿದ್ದ ಧೂಳನ್ನೂ ತೆಗೆದು, ಚಿಪ್ಪಿನ ಬಿಸಿ ಸಾಗಿಸುವ, ಒಣಗಿ ಸುಣ್ಣವಾಗಿದ್ದ ಥರ್ಮಲ್ ಪೇಸ್ಟ್ ಬದಲಿಸಿದೆ. ವಿಡಿಯೊ ಕರೆಯಲ್ಲಿ 90 ಡಿಗ್ರಿ ಮುಟ್ಟುತ್ತಿದ್ದದ್ದು 74ಕ್ಕೆ ಬಂತು. ಪೇಸ್ಟಿನ ಬೆಲೆ 350 ರೂಪಾಯಿ. ಈಗ ಯುಗಾದಿ, ದೀಪಾವಳಿಗೆ ಮನೆ ಗುಡಿಸುವಾಗ ಇದಕ್ಕೂ ಒಂದು ಎಣ್ಣೆಸ್ನಾನ.

ರ‍್ಯಾಮ್ (ಕೆಲಸ ನಡೆಯುವಾಗ ಬೇಕಾದ್ದನ್ನು ಹಿಡಿದಿಡುವ ಮೆಮೊರಿ) ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ಆ ಪದದ ಬಗ್ಗೆಯೇ ಒಂದು ಮಾತು, ಯಾಕೆಂದರೆ ಯಾವ ಹೊಸ ಕಂಪ್ಯೂಟರ್ ಕೈಗೆ ಸಿಕ್ಕರೂ ನಾನು ಮೊದಲು ಟೈಪ್ ಮಾಡುವುದು ಅದನ್ನೇ. ರ, ಹಲಂತ (ಒತ್ತು ತರುವ ಕೀಲಿ), ಯ ಅಂತ ಸುಮ್ಮನೆ ಕುಟ್ಟಿದರೆ, ಯಂತ್ರಗಳೆಲ್ಲ ಅಕ್ಷರಕ್ಕೆ ಬಳಸುವ ಯುನಿಕೋಡ್ ನಿಯಮದಂತೆ ಅರ್ಕಾವತ್ತು ಬರುತ್ತದೆ, 'ಸೂರ್ಯ'ದಲ್ಲಿ ಬರುವ ಹಾಗೆ. ರಕಾರ ಪೂರ್ತಿ ಕಂಡು ಕೆಳಗೆ ಯ ಒತ್ತು ಬರಬೇಕಾದರೆ ರಕಾರದ ನಂತರ, ಹಲಂತಕ್ಕೆ ಮುಂಚೆ, ಕಣ್ಣಿಗೆ ಕಾಣದ ಜೋಡಕ ಅಕ್ಷರವೊಂದನ್ನು ತುರುಕಬೇಕು. ಶೋರೂಮಿನ ಲಕ್ಷ ರೂಪಾಯಿಯ ಯಂತ್ರದ ಮುಂದೆ ನಿಂತು ನಾನು ಈ ಪರೀಕ್ಷೆ ಮಾಡುವಾಗ ಸೇಲ್ಸ್ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ನನ್ನ ಎಂಟನೇ ಜೆನ್‌ನಲ್ಲಿ ಲಿನಕ್ಸ್, ವಿಂಡೋಸ್ ಎರಡೂ ಇವೆ. ಕನ್ನಡ ಬರೆಯುವುದೆಲ್ಲ ಲಿನಕ್ಸ್‌ನಲ್ಲಿ. ಕೆ.ಪಿ. ರಾವ್ ಅವರ ವಿನ್ಯಾಸದ ಕಗಪ ಕೀಲಿಮಣೆ ಅದರೊಳಗೇ ಇದೆ, ಏನನ್ನೂ ಬೇರೆ ಹಾಕಿಕೊಳ್ಳಬೇಕಿಲ್ಲ. ವಿಂಡೋಸ್ ಉಳಿಸಿಕೊಂಡಿರುವುದು ಅಪ್ಪನಿಗಾಗಿ. ಹೈಸ್ಕೂಲ್ ಮೇಷ್ಟರಾಗಿದ್ದ ಅವರ ಹಳೆಯ 'ನುಡಿ' ತಂತ್ರಾಂಶದ ಕಡತಗಳೆಲ್ಲ ಯುನಿಕೋಡ್‌ಗಿಂತ ಹಿಂದಿನ ಕಾಲದವು. ಬೇರೆ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳು ತಲೆಗೆ ಟೋಪಿ, ಚುಕ್ಕೆ ಹಾಕಿಕೊಂಡು ಕುಣಿಯುತ್ತವೆ. "ನನ್ನ ಪ್ರಬಂಧಕ್ಕೆ ಮೈಮೇಲೆ ಬಂದಿದೆ ನೋಡೋ" ಅನ್ನುತ್ತಾರೆ ಅಪ್ಪ. ಒಂದೊಂದಾಗಿ ಯುನಿಕೋಡ್‌ಗೆ ತಿರುಗಿಸಿ ಕೊಡುತ್ತಿದ್ದೇನೆ. ಇನ್ನೂ ಅರವತ್ತು ಬಾಕಿ.

ತಂದಾಗ ಇದ್ದದ್ದು 8 ಜಿಬಿ. ವಿಂಡೋಸ್ 11 ಮತ್ತು ಬ್ರೌಸರ್ ಸೇರಿಯೇ ಅದನ್ನು ನುಂಗಿಬಿಡುತ್ತಿದ್ದವು. 2023ರಲ್ಲಿ 16 ಜಿಬಿಯ ಎರಡು ಡಿಡಿಆರ್4 ಬಗೆಯ ಮೆಮೊರಿ ಪಟ್ಟಿ ಹಾಕಿದೆ, ಎರಡಕ್ಕೂ ಸೇರಿ 5,600. ಈ ಜನವರಿಯಲ್ಲಿ ತಂಗಿಯ ಯಂತ್ರಕ್ಕೆ ಕೇಳಿದರೆ ಒಂದೇ ಪಟ್ಟಿಗೆ ಅದಕ್ಕಿಂತ ಜಾಸ್ತಿ ಹೇಳಿದರು. ಎಐ ಡೇಟಾ ಸೆಂಟರುಗಳು ಮೆಮೊರಿಯನ್ನೆಲ್ಲ ಸೆಳೆದುಕೊಳ್ಳುತ್ತಿವೆ. ಮೆಮೊರಿ ತಯಾರಿಸುವ ಮೈಕ್ರಾನ್ ಕಂಪನಿ 2025ರ ಡಿಸೆಂಬರಿನಲ್ಲಿ ನಮ್ಮಂಥ ಬಿಡಿ ಗಿರಾಕಿಗಳ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಹೇಳಿಬಿಟ್ಟಿತು. ನನ್ನ ಹೂಡಿಕೆಗಳಲ್ಲಿ ಬೆಲೆ ಏರಿದ್ದು ಈ ರ‍್ಯಾಮ್ ಒಂದೇ ಇರಬೇಕು.

ಎರಡು ಪಟ್ಟಿ ಹಾಕಿದ್ದರ ನಿಜವಾದ ಬೆಲೆ ತಿಳಿದದ್ದು ಎಐ ಮಾದರಿಯೊಂದನ್ನು ಮನೆಯಲ್ಲೇ ಓಡಿಸಲು ಹೋದಾಗ. ಗೂಗಲ್ ಬಿಟ್ಟ ಜೆಮ್ಮಾ 3ರ 400 ಕೋಟಿ ಪ್ಯಾರಾಮೀಟರಿನ (ಕಲಿತದ್ದನ್ನು ಹಿಡಿದಿಡುವ ಅಂಕಿ) ಮಾದರಿಯನ್ನು ಕುಗ್ಗಿಸಿದರೆ ಸುಮಾರು 3 ಜಿಬಿ. ಒಂದೊಂದು ಟೋಕನ್ (ಪದದ ತುಣುಕು) ಉದುರಿಸಲೂ ಆ 3 ಜಿಬಿಯನ್ನು ಮೆಮೊರಿಯಿಂದ ಪೂರ್ತಿ ಓದಬೇಕು. ನನ್ನ ಡಿಡಿಆರ್4-2400 ಒಂದೇ ಪಟ್ಟಿಯಿದ್ದರೆ ಸೆಕೆಂಡಿಗೆ 19.2 ಜಿಬಿ ಹರಿಸಬಲ್ಲದು, ಜೋಡಿಯಾದರೆ 38.4. ಅಂದರೆ ಕಾಗದದ ಮೇಲೆ ಸೆಕೆಂಡಿಗೆ ಹನ್ನೆರಡು ಟೋಕನ್. ನಿಜದಲ್ಲಿ ಐದು ಬಂದರೆ ಪುಣ್ಯ. ಅದರಲ್ಲೂ ಕನ್ನಡದ ಒಂದು ಪದಕ್ಕೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ಖರ್ಚಾಗುತ್ತದೆ. ಹಾಗಾಗಿ ಇದು ಕನ್ನಡ ಮಾತಾಡುವುದು ಹಳೇ ಟೆಲಿಗ್ರಾಂ ಬಂದಂತೆ, ತಡೆದು ತಡೆದು. ಆದರೂ ಇಂಟರ್ನೆಟ್ ಇಲ್ಲದೆ, ಪಕ್ಕದ ಡಬ್ಬದಲ್ಲೇ ಅಕ್ಷರ ಮೂಡುವುದನ್ನು ಮೊದಲ ಸಲ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎಸ್‌ಎಸ್‌ಡಿ (ಕಡತ ಉಳಿಸುವ ಡಿಸ್ಕ್) ಬಗ್ಗೆ ಹೇಳುವಂಥದ್ದೇನಿಲ್ಲ. 1 ಟಿಬಿ ಹಾಕಿದೆ, ಕೆಲಸ ಮಾಡುತ್ತಿದೆ.

ಸೋಲುವ ಕಡೆಗಳೂ ಇವೆ. ಪರದೆ ಮಂಕು, ಬಾಲ್ಕನಿಯಲ್ಲಿ ಕೂತರೆ ನನ್ನ ಮುಖವೇ ಕಾಣುತ್ತದೆ. ಕ್ಯಾಮೆರಾ 720ಪಿ, ಮೀಟಿಂಗಿನಲ್ಲಿ ನಾನು ಹಳೇ ದೂರದರ್ಶನದ ವಾರ್ತಾವಾಚಕ. ಯೂಟ್ಯೂಬ್ ಎವಿ1 ಅನ್ನುವ ಹೊಸ ಸಂಕುಚಿತ ರೂಪದಲ್ಲಿ ವಿಡಿಯೊ ಕಳಿಸಿದರೆ ಫ್ಯಾನು ಹುಯಿಲಿಡುತ್ತದೆ. ಎವಿ1 ಬಿಡಿಸುವ ಯಂತ್ರಾಂಶ ಇಂಟೆಲ್‌ನಲ್ಲಿ ಬಂದದ್ದು ಹನ್ನೊಂದನೇ ಜೆನ್‌ನಿಂದ. ನನ್ನದು ಅದಕ್ಕಿಂತ ಹಳೆಯ ವಿಪಿ9ಕ್ಕೆ ನಿಂತಿದೆ, ಹಾಗಾಗಿ ಬ್ರೌಸರಿನಲ್ಲಿ ಎವಿ1 ಬಂದ್ ಮಾಡಿದ್ದೇನೆ, ಸದ್ದು ಅಡಗಿದೆ.

ಹೊಸದರ ಆಸೆ ಹೋಗಿದೆಯೇ ಅಂದರೆ, ಇಲ್ಲ. ಹೆಬ್ಬಾಳದ ಕಡೆ ಆಪಲ್ ಮಳಿಗೆ ತೆರೆದಾಗ ಊರ ಇನ್ನೊಂದು ತುದಿಯಿಂದ ಹೋಗಿ ಎಂ4 ಮ್ಯಾಕ್‌ಬುಕ್ ಏರ್ ಎತ್ತಿ ನೋಡಿ ಬಂದೆ. 1.24 ಕೆಜಿ, ಫ್ಯಾನೇ ಇಲ್ಲ, ಮೆಮೊರಿ ಸೆಕೆಂಡಿಗೆ 120 ಜಿಬಿ ಹರಿಸುತ್ತದೆ. ನನ್ನದರ ಮೂರು ಪಟ್ಟು. ಆಗ ಬೆಲೆ 99,900ರಿಂದ ಶುರುವಾಗುತ್ತಿತ್ತು. ಮುಟ್ಟಿದರೆ ಕೈ ಬಿಡಲು ಮನಸ್ಸಾಗಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅದರ 16 ಜಿಬಿ ಮೆಮೊರಿ ಸಾಲದು ಅನ್ನಿಸಿದ ದಿನ ಎಸ್‌ಪಿ ರೋಡಿಗೆ ಹೋಗಿ ಇನ್ನೊಂದು ಪಟ್ಟಿ ಹಾಕಿಸುವ ಹಾಗಿಲ್ಲ. ಕೊಳ್ಳುವ ದಿನವೇ ಮುಂದಿನ ಐದು ವರ್ಷದ ಹಸಿವನ್ನು ಲೆಕ್ಕ ಹಾಕಿರಬೇಕು. ವಿಂಡೋಸ್ ಕಡೆಯ 'ಕೋಪೈಲಟ್ ಪ್ಲಸ್' ಯಂತ್ರಗಳಲ್ಲಿ ಎಐ ಲೆಕ್ಕಕ್ಕೆಂದೇ ಇರುವ ಎನ್‌ಪಿಯು, ಅದೂ 40 ಟಾಪ್ಸ್ (ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ) ವೇಗದ್ದು, ಕಡ್ಡಾಯ ಅಂತ 2024ರಲ್ಲಿ ಸಾರಿದರು. ಆಫೀಸಿನಲ್ಲಿ ಅಂಥದ್ದೊಂದು ಕೊಟ್ಟಿದ್ದಾರೆ. ಮೀಟಿಂಗಿನಲ್ಲಿ ಹಿಂದಿನ ಗೋಡೆ ಮಸುಕು ಮಾಡುವುದು ಬಿಟ್ಟು ಆ ಎನ್‌ಪಿಯುಗೆ ಕೆಲಸ ಕೊಟ್ಟದ್ದು ನನಗೆ ನೆನಪಿಲ್ಲ. ಅದೇ ದುಡ್ಡಿಗೆ ಇನ್ನಷ್ಟು ರ‍್ಯಾಮ್ ಕೊಡಬಾರದಿತ್ತೇ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

ಯಾರಿಗೆ ಹೇಳುತ್ತೇನೆ, ಯಾರಿಗೆ ಬೇಡ ಅನ್ನುತ್ತೇನೆ? ಸ್ಕ್ರೂಡ್ರೈವರ್ ಕಂಡರೆ ಕೈ ನಡುಗುವವರು ವಾರಂಟಿ ಇರುವ ಹೊಸದನ್ನೇ ಕೊಳ್ಳಿ. ವಿಡಿಯೊ ಎಡಿಟಿಂಗ್ ಹೊಟ್ಟೆಪಾಡಾಗಿರುವವರಿಗೂ ಇದಲ್ಲ. ಓದು, ಬರಹ, ಕೋಡಿಂಗ್ ಕಲಿಕೆ, ಮಕ್ಕಳ ಪಾಠ ಅನ್ನುವವರು ಈಗ ಹೋದರೆ ಎಂಟನೇದಕ್ಕೆ ನಿಲ್ಲಬೇಡಿ, ಲೀಸಿನಿಂದ ಹೊರಬಿದ್ದ ಹನ್ನೊಂದನೇ ಜೆನ್ ಕೇಳಿ. ಎವಿ1 ತಲೆನೋವೂ ತಪ್ಪುತ್ತದೆ. ರ‍್ಯಾಮ್ ಪಟ್ಟಿ ಬಿಚ್ಚಿ ಹಾಕುವಂತಿದೆಯೇ ಅಂತ ತಳ ತೆಗೆಸಿಯೇ ನೋಡಿ, ತೆಳ್ಳಗಿನ ಮಾಡೆಲುಗಳಲ್ಲಿ ಬೆಸುಗೆ ಹಾಕಿಬಿಟ್ಟಿರುತ್ತಾರೆ.

ಬ್ಯಾಟರಿ, ರ‍್ಯಾಮ್, ಎಸ್‌ಎಸ್‌ಡಿ, ಪೇಸ್ಟ್, ಜೊತೆಗೆ ಕೊಂಡ ಬೆಲೆಯೂ ಎಲ್ಲ ಸೇರಿ ಇಲ್ಲಿಯವರೆಗೆ ಸುಮಾರು 43,000 ಇಳಿದಿದೆ. ಸದ್ಯಕ್ಕೆ ಎಡಗಡೆಯ ಟೈಪ್-ಸಿ ತೂತು ಸಡಿಲವಾಗಿದೆ. ವೈರನ್ನು ಒಂದು ಕೋನದಲ್ಲಿ ಹಿಡಿದು, ಕೆಳಗೆ ರಬ್ಬರ್ ಇಟ್ಟರೆ ಮಾತ್ರ ಚಾರ್ಜ್ ಹತ್ತುತ್ತದೆ. ಬೆಸುಗೆ ಹಾಕಿಕೊಡುವ ಅಣ್ಣ, "ಬೋರ್ಡು ಬಿಚ್ಚಿ ನೋಡ್ದೆ ಏನೂ ಹೇಳಕ್ಕಾಗಲ್ಲ ಸಾರ್, ಶನಿವಾರ ತನ್ನಿ" ಅಂದಿದ್ದಾನೆ. ಅಲ್ಲಿಯವರೆಗೆ ಮಗಳ ಪೆನ್ಸಿಲ್ ಡಬ್ಬಿಯಿಂದ ಕದ್ದ ರಬ್ಬರೇ ಗತಿ.