ಕುರಿ ಸಾಕೋರೇ, ಊಬು ಬಲಿತ ಸೂಜಿ ಹುಲ್ಲನ್ನು ಮೇವಿಗೆ ಕೊಳ್ಳಬೇಡಿ

ಚಿತ್ರದುರ್ಗ, ಚಳ್ಳಕೆರೆ ಕಡೆ ಕುರಿ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಓದಿ. ಈ ಸಲ ಮೇವಿಗೆ ಬರ ಬಂದಾಗ ಒಬ್ಬ ವ್ಯಾಪಾರಿಯಿಂದ ಒಂದು ಟ್ರ್ಯಾಕ್ಟರ್ ಗುಡ್ಡದ ಒಣಹುಲ್ಲು ತಗೊಂಡೆವು. ತೆನೆ ಬರೋ ಮೊದಲೇ ಕೊಯ್ದಿದ್ದು ಅಂತ ಬಾಯಿಬಿಟ್ಟು ಹೇಳಿದ್ದರು. ಮೇಲಿನ ಹೊರೆಗಳು ಚೆನ್ನಾಗೇ ಇದ್ದವು, ಕೆಳಗಿನದೆಲ್ಲ ಊಬು (ಬೀಜದ ಹಿಂದಿರುವ ಬಾಲದಂಥ ಬಿರುಸು ಎಳೆ) ಬಲಿತ ಸೂಜಿ ಹುಲ್ಲು.

ಕುರಿಗಳು ಜೊಲ್ಲು ಸುರಿಸುತ್ತಾ ಮೇವು ಬಿಟ್ಟವು. ಬಾಯಿ ತೆರೆದು ನೋಡಿದರೆ ವಸಡಿನ ಸಂದಿಯಲ್ಲಿ ಕಂದು ಬಣ್ಣದ ಚೂಪು ಬೀಜಗಳು ನೆಟ್ಟಿದ್ದವು, ನಾಲಿಗೆ ಅಡಿಯೆಲ್ಲ ಹುಣ್ಣು. ಒಂದು ಮರಿಯ ಕಣ್ಣಿನ ಕೆಳರೆಪ್ಪೆ ಒಳಗೇ ಬೀಜ ಹೊಕ್ಕಿತ್ತು. ಡಾಕ್ಟರು ಕಣ್ಣಿಗೆ ಔಷಧಿ ಹಾಕಿ ಚಿಮಟದಲ್ಲಿ ತೆಗೆದರು, ಆದರೆ ಕಣ್ಣಿನ ಮೇಲೆ ಬಿಳಿ ಕಲೆ ಹಾಗೇ ಉಳಿದಿದೆ.

ಸೂಜಿ ಹುಲ್ಲು ಅಂದರೆ ಕಲ್ಲುಗುಡ್ಡ, ಒಣಭೂಮಿಯಲ್ಲಿ ವರ್ಷಗಟ್ಟಲೆ ಉಳಿಯುವ ಹುಲ್ಲು, ಸಸ್ಯಶಾಸ್ತ್ರದಲ್ಲಿ ಹೆಟೆರೊಪೊಗಾನ್ ಕಂಟಾರ್ಟಸ್. ಬೀಜದ ತುದಿ ಸೂಜಿ, ಅದರ ಮೇಲಿನ ಬಿರುಸು ಕೂದಲು ಹಿಂದಕ್ಕೆ ಬಾಗಿರುತ್ತೆ, ಹಾಗಾಗಿ ಒಳಗೆ ಹೋದದ್ದು ಹೊರಗೆ ಬರಲ್ಲ. ಬೀಜದ ಹಿಂದೆ ಎರಡರಿಂದ ನಾಲ್ಕು ಇಂಚು ಉದ್ದದ ಊಬು. ಒಣಗಿದಾಗ ಅದು ಸುರುಳಿ ಸುತ್ತಿಕೊಳ್ಳುತ್ತೆ, ತೇವ ತಾಗಿದರೆ ಬಿಚ್ಚಿಕೊಳ್ಳುತ್ತೆ, ಆಗ ಬೀಜ ಬೈರಿಗೆಯ ಹಾಗೆ ತಿರುಗಿ ತಿರುಗಿ ಒಳಕ್ಕೆ ಇಳಿಯುತ್ತೆ. ನೆಲದ ಬಿರುಕಲ್ಲಿ ತನ್ನನ್ನು ತಾನೇ ಬಿತ್ತಿಕೊಳ್ಳೋಕೆ ಇರುವ ಏರ್ಪಾಡು ಇದು, ಕುರಿಯ ತುಪ್ಪಟಕ್ಕೆ ಸಿಕ್ಕಿದರೆ ಚರ್ಮದವರೆಗೂ ಹೋಗುತ್ತೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲೂ ಕುರಿ ಸಾಕುವವರಿಗೆ ಇದೇ ಹುಲ್ಲಿನ ಕಾಟ.

ಎಳೆಯದಾಗಿ ಹಸಿರಿದ್ದಾಗ ಇದು ಒಳ್ಳೆ ಮೇವೇ, ದನ ಕುರಿ ಎರಡೂ ತಿನ್ನುತ್ತವೆ. ತೆನೆ ಬಲಿತ ಮೇಲೆ ಮಾತ್ರ ಬೇಡ. ಬೆಂಕಿ ಇಟ್ಟರೆ ಹೋಗುತ್ತೆ ಅಂತ ಕೆಲವರು ಹೇಳ್ತಾರೆ, ನಂಬಬೇಡಿ, ಬುಡ ಉಳಿದುಕೊಂಡು ಮತ್ತೆ ಚಿಗುರುತ್ತೆ.

ಕೇಳಿದ್ದಕ್ಕೆ ವ್ಯಾಪಾರಿ, ಹುಲ್ಲು ಅಂದಮೇಲೆ ಊಬು ಇರಲ್ವಾ ಅಂದರು. ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ದುಡ್ಡು ಕೊಡೋ ಮೊದಲು ಲೋಡಿನ ನಡುವಿನಿಂದ, ತಳದಿಂದ ಹೊರೆ ಎಳೆಸಿ ಬಿಚ್ಚಿ ನೋಡಿ. ಊಬುಗಳು ಒಂದಕ್ಕೊಂದು ಹೆಣೆದುಕೊಂಡು ಕಪ್ಪು ಗಂಟಾಗಿದ್ದರೆ, ತೋಳಿನ ಬಟ್ಟೆಗೆ ಚುಚ್ಚಿ ಹಿಡಿದುಕೊಂಡರೆ, ವಾಪಸ್ ಕಳಿಸಿ. ಈಗಾಗಲೇ ಹಾಕಿದ್ದೀರಾ? ಬಾಯಿ, ಕಣ್ಣು, ಗೊರಸಿನ ಸಂದಿ ನೋಡಿ. ಕಣ್ಣಲ್ಲಿ ನೀರು ಬರುತ್ತಿದ್ದರೆ ನಾಳೆ ನೋಡೋಣ ಅಂತ ಬಿಡಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.