28 ಕೋರಿನ ಹಳೆಯ ಜಿಯಾನ್, 16 ಕೋರಿನ ಹೊಸ ರೈಜನ್: ಎರಡನ್ನೂ ಒಂದು ತಿಂಗಳು ಓಡಿಸಿ ನೋಡಿದ್ದು

"ನೋಡಪ್ಪ, ಒಬ್ಬ 28 ಕೋರ್ ಅಂತಾನೆ, ಇನ್ನೊಬ್ಬ 16 ಅಂತಾನೆ. 28ರದ್ದೇ ಅರ್ಧ ರೇಟು. ಅದನ್ನೇ ತಗೊಂಡ್ರಾಯ್ತಲ್ಲ?"

ಕಾಫಿ ಡ್ರೈಯರ್ ಮಾಡುವ ವರ್ಕ್‌ಶಾಪಿನ ಯಜಮಾನರು ಡಿಸೈನ್ ಕಂಪ್ಯೂಟರ್ ಕೊಳ್ಳುವ ಬಗ್ಗೆ ಹೀಗೆ ಕೇಳಿದಾಗ ನನ್ನ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ. ಕೋರ್ ಅಂದರೆ ಕಂಪ್ಯೂಟರಿನ ಸಿಪಿಯು ಚಿಪ್ಪಿನೊಳಗೆ ಲೆಕ್ಕ ಮಾಡುವ ಒಂದೊಂದು ಘಟಕ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಅವರ ಶೆಡ್ಡು. ಅವರಿಗೂ, ಟ್ರೈಲರ್ ಕಟ್ಟುವ ಇನ್ನಿಬ್ಬರಿಗೂ ಡಿಸೈನ್, ಡ್ರಾಯಿಂಗ್, ಸಿಮ್ಯುಲೇಶನ್ ಮಾಡಿಕೊಡುವುದು ನನ್ನ ಕೆಲಸ. "ಅಣ್ಣ, ಒಂದು ತಿಂಗಳು ಬಿಡಿ, ಎರಡನ್ನೂ ಓಡಿಸಿ ನೋಡಿ ಹೇಳ್ತೀನಿ" ಅಂದೆ.

ಹಳೆಯದನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದ ನನಗೇ ಅಂತ ತಂದೆ. ಸೆಕೆಂಡ್ ಹ್ಯಾಂಡ್ ಟವರ್, ಇಂಟೆಲ್ ಕಂಪನಿಯ 2016ರ ಸಿಪಿಯು ಜಿಯಾನ್ ಇ5-2680 ವಿ4 ಎರಡು, ಒಂದೊಂದರಲ್ಲಿ 14 ಕೋರ್, 128 ಜಿಬಿ ರ‍್ಯಾಮ್. ನನಗೆ ಬಿದ್ದದ್ದು 68,000 ರೂಪಾಯಿ. ಹೊಸದು ಗೆಳೆಯನದು, ತಿಂಗಳ ಮಟ್ಟಿಗೆ ಕೇಳಿ ತಂದದ್ದು: 2022ರಲ್ಲಿ ಬಂದ, ಎಎಂಡಿ ಕಂಪನಿಯ ಸಿಪಿಯು ರೈಜನ್ 9 7950ಎಕ್ಸ್, 64 ಜಿಬಿ. ಅವನು ಜೋಡಿಸಿಕೊಂಡಾಗ ಒಂದು ಲಕ್ಷದ ಮೂವತ್ತು ಸಾವಿರ ದಾಟಿತ್ತಂತೆ. ನನ್ನ ಲ್ಯಾಪ್‌ಟಾಪ್ ಹೇಗೂ ಇತ್ತು.

ಹಗಲಿನ ಕೆಲಸದಲ್ಲಿ ತೀರ್ಪಿಗೆ ಎರಡು ದಿನವೂ ಬೇಕಾಗಲಿಲ್ಲ. 3ಡಿ ಡಿಸೈನ್ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್‌ನಲ್ಲಿ ಡ್ರೈಯರಿನ ಪೂರ್ತಿ ಅಸೆಂಬ್ಲಿ, ಸುಮಾರು 640 ಪಾರ್ಟು. ಒಂದು ಅಳತೆ ಬದಲಿಸಿ ರೀಬಿಲ್ಡ್ (ಮಾಡೆಲನ್ನು ಮತ್ತೆ ಕಟ್ಟುವುದು) ಕೊಟ್ಟರೆ ಜಿಯಾನ್‌ನಲ್ಲಿ 1 ನಿಮಿಷ 50 ಸೆಕೆಂಡು, ರೈಜನ್‌ನಲ್ಲಿ 50 ಸೆಕೆಂಡು. ಫೀಚರ್‌ಗಳು ಒಂದರ ಮೇಲೊಂದು ನಿಂತಿರುವುದರಿಂದ ರೀಬಿಲ್ಡಿನ ಹೆಚ್ಚಿನ ಭಾಗ ಒಂದೇ ಕೋರಿನಲ್ಲಿ ನಡೆಯುತ್ತದೆ, ಉಳಿದ 27 ಸುಮ್ಮನೆ ಕೂತಿರುತ್ತವೆ. ಆ ಒಂದು ಕೋರು ಜಿಯಾನ್‌ನಲ್ಲಿ ಹೆಚ್ಚೆಂದರೆ 3.3 ಗಿಗಾಹರ್ಟ್ಸ್, ರೈಜನ್‌ನಲ್ಲಿ 5.7ರವರೆಗೆ. ದಿನಕ್ಕೆ ನೂರು ಸಲ ರೀಬಿಲ್ಡ್ ಮಾಡುವವನಿಗೆ ಆ ಒಂದು ನಿಮಿಷದ ಬೆಲೆ ಗೊತ್ತು. ಡ್ರಾಯಿಂಗ್ ಶೀಟ್ ತೆರೆಯುವುದು, ಮೆಶ್ ಮಾಡುವುದು (ಲೆಕ್ಕಕ್ಕಾಗಿ ಮಾಡೆಲನ್ನು ಸಣ್ಣ ಸಣ್ಣ ತುಂಡಾಗಿ ಒಡೆಯುವುದು) ಎಲ್ಲದರಲ್ಲೂ ಇದೇ ಕತೆ.

ರಾತ್ರಿಯ ಕೆಲಸಕ್ಕೆ ಬಂದಾಗ ಲೆಕ್ಕ ತಿರುಗಿತು. ಡ್ರೈಯರಿನ ಮೂಲೆಯ ಟ್ರೇಗಳಲ್ಲಿ ಕಾಫಿ ಹಸಿಯಾಗೇ ಉಳಿಯುತ್ತಿತ್ತು. ಬಿಸಿಗಾಳಿ ಎಲ್ಲಿ ಹೋಗುತ್ತಿದೆ ಅಂತ ನೋಡಲು ಹರಿವಿನ ಲೆಕ್ಕದ ಸಾಫ್ಟ್‌ವೇರ್ ಆದ ಓಪನ್‌ಫೋಮ್‌ನಲ್ಲಿ 70 ಲಕ್ಷ ಸೆಲ್ಲಿನ (ಸಣ್ಣ ತುಂಡುಗಳ) ಮಾಡೆಲ್ ಕಟ್ಟಿದ್ದೆ. ಮೊದಲ ರಾತ್ರಿ ಜಿಯಾನ್ ಒಂದು ಕೇಸಿಗೆ, ಅಂದರೆ ಒಂದು ಪೂರ್ತಿ ಲೆಕ್ಕಕ್ಕೆ, ನಾಲ್ಕು ಗಂಟೆ ತಗೊಂಡಿತು. ರೈಜನ್ ಎರಡು ಗಂಟೆ ನಲವತ್ತು ನಿಮಿಷದಲ್ಲಿ ಮುಗಿಸಿತು. 28 ಕೋರ್ ಇಟ್ಟುಕೊಂಡು ಇದೇನು ಅಂತ ಬೇಜಾರಾಗಿ ಬೆಳಿಗ್ಗೆ ಟವರಿನ ಪಕ್ಕದ ಬಾಗಿಲು ತೆಗೆದೆ.

ತಪ್ಪು ಅಲ್ಲೇ ಕಾಣಿಸಿತು. ಬೋರ್ಡಿನಲ್ಲಿ ಎಂಟು ರ‍್ಯಾಮ್ ಸ್ಲಾಟು, ಒಂದೊಂದು ಸಿಪಿಯು ಪಕ್ಕ ನಾಲ್ಕು. ಮಾರಿದವನು 32 ಜಿಬಿಯ ನಾಲ್ಕೇ ಕಡ್ಡಿ ಹಾಕಿದ್ದ. ಬಾಕಿ ನಾಲ್ಕು ಸ್ಲಾಟಿನಲ್ಲಿ ಧೂಳು. ಈ ಜಿಯಾನ್‌ಗೆ ನಾಲ್ಕು ಮೆಮೊರಿ ಚಾನೆಲ್ (ಮೆಮೊರಿಯಿಂದ ಅಂಕಿ ಬರುವ ದಾರಿ) ಇರುತ್ತವೆ, ನಾಲ್ಕಕ್ಕೂ ಕಡ್ಡಿ ಇದ್ದರೆ ಸೆಕೆಂಡಿಗೆ 76.8 ಜಿಬಿ ಡೇಟಾ ಹರಿಯಬಲ್ಲದು, ಎರಡು ಸಿಪಿಯು ಸೇರಿ 153.6. ನನ್ನದರಲ್ಲಿ ಓಡುತ್ತಿದ್ದುದು ಅದರ ಅರ್ಧ. ಫೋನಿನಲ್ಲಿ ಕೇಳಿದರೆ "128 ಜಿಬಿ ಅಂದಿದ್ವಿ, 128 ಇದೆಯಲ್ಲ ಸಾರ್" ಅಂದರು. ಹಳೆಯ ಟವರ್ ಕೊಳ್ಳುವವರು ದಯವಿಟ್ಟು ಬಾಗಿಲು ತೆಗೆಸಿ ಕಡ್ಡಿ ಎಣಿಸಿ.

ಆ ನಾಲ್ಕನ್ನು ಕೊಟ್ಟು, ಮೇಲೆ ಒಂದಿಷ್ಟು ದುಡ್ಡು ಹಾಕಿ 16 ಜಿಬಿಯ ಎಂಟು ತಂದೆ. ಬಯಾಸ್‌ನಲ್ಲಿ ಹೈಪರ್‌ಥ್ರೆಡಿಂಗ್ (ಒಂದು ಕೋರನ್ನು ಎರಡರಂತೆ ತೋರಿಸುವ ಸೌಲಭ್ಯ) ಆಫ್ ಮಾಡಿ ಅದೇ ಕೇಸ್ ಕೊಟ್ಟೆ: ಎರಡು ಗಂಟೆ ಹದಿನೈದು ನಿಮಿಷ! ಅಷ್ಟೇ ಜಿಬಿ, ಅದೇ ಸಿಪಿಯು. 2016ರ ಯಂತ್ರ 2022ರದನ್ನು ಹಿಂದೆ ಹಾಕಿತು. ರೈಜನ್‌ಗೆ ಎರಡೇ ಚಾನೆಲ್, ಡಿಡಿಆರ್5-5200 ಕಡ್ಡಿಯಲ್ಲಿ ಸೆಕೆಂಡಿಗೆ 83.2 ಜಿಬಿ. ಅದರಲ್ಲೇ ಎಂಟು ಕೋರ್ ಮಾತ್ರ ಕೊಟ್ಟು ನೋಡಿದೆ, ಎರಡು ಗಂಟೆ ಐವತ್ತೈದು ನಿಮಿಷ. ಮಿಕ್ಕ ಎಂಟು ಕೋರು ಸೇರಿ ಉಳಿಸಿದ್ದು ಹದಿನೈದೇ ನಿಮಿಷ.

ಯಜಮಾನರಿಗೆ ಇದನ್ನು ಅವರ ಭಾಷೆಯಲ್ಲೇ ಹೇಳಿದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಎಷ್ಟೇ ದೊಡ್ಡದಿರಲಿ, ಹಣ್ಣು ಸುರಿಯೋಕೆ ಇಬ್ಬರೇ ಆಳಿದ್ದರೆ ಅದು ಇಬ್ಬರು ಸುರಿದಷ್ಟೇ ಸುಲಿಯುತ್ತದೆ. ಗಾಳಿ, ನೀರಿನ ಹರಿವಿನ ಲೆಕ್ಕದಲ್ಲಿ ಕೋರುಗಳು ಬಹುಪಾಲು ಹೊತ್ತು ಮೆಮೊರಿಯಿಂದ ಅಂಕಿ ಬರಲಿ ಅಂತ ಕಾಯುತ್ತಿರುತ್ತವೆ.

ಬಲದ ಲೆಕ್ಕ, ಅಂದರೆ ಭಾರ ಬಿದ್ದಾಗ ಲೋಹ ತಡೆಯುತ್ತದೆಯೇ ಅನ್ನುವುದು, ಬೇರೆ. ಟ್ರೈಲರ್ ಚಾಸಿಸ್ಸಿನ ವೆಲ್ಡ್ ಜಾಗದ ಸ್ಟ್ರೆಸ್ ನೋಡಲು ಮೆಶ್ ಸಣ್ಣದು ಮಾಡಿದ್ದೆ. ಎಲ್ಲ ಸಮೀಕರಣ ಒಟ್ಟಿಗೆ ಬಿಡಿಸುವ ಡೈರೆಕ್ಟ್ ಸಾಲ್ವರ್‌ಗೆ ಸುಮಾರು 70 ಜಿಬಿ ಬೇಕಿತ್ತು. ರೈಜನ್‌ನ 64 ಸಾಲದೆ ಎಸ್‌ಎಸ್‌ಡಿಗೆ ಬರೆದು ಓದಿ ಮಾಡುತ್ತ 42 ನಿಮಿಷ ಎಳೆಯಿತು. ಗೆಳೆಯನ ಒಪ್ಪಿಗೆ ಪಡೆದು 48 ಜಿಬಿಯ ಎರಡು ಕಡ್ಡಿ ಹಾಕಿದೆ, 96 ಆಯಿತು. ಅದೇ ಲೆಕ್ಕ 9 ನಿಮಿಷ. ಜಿಯಾನ್‌ನಲ್ಲಿ 12. ಇಲ್ಲಿ ಕೋರಿನ ವೇಗಕ್ಕೂ ಬೆಲೆ ಇದೆ, ಆದರೆ ಮೊದಲು ಲೆಕ್ಕ ಪೂರ್ತಿ ರ‍್ಯಾಮಿನೊಳಗೆ ಕೂರಬೇಕು. 96 ಸಾಲದು ಅಂತ ರೈಜನ್‌ಗೆ ನಾಲ್ಕು ಕಡ್ಡಿ ಹಾಕಲು ಹೋಗಬೇಡಿ. ನಾಲ್ಕು ಹಾಕಿದರೆ ಎಎಂಡಿ ಹೇಳುವ ವೇಗ 5200ರಿಂದ 3600ಕ್ಕೆ ಇಳಿಯುತ್ತದೆ.

ಲ್ಯಾಪ್‌ಟಾಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಕಲೇಶಪುರದ ತೋಟಕ್ಕೆ ಹೋಗಿ ಮಾಡೆಲ್ ತೋರಿಸಿ ಬರಲು ಒಳ್ಳೆಯದು. ದೊಡ್ಡ ಕೋರು ಎಂಟು, ಸಣ್ಣ ಕೋರು ಎಂಟು ಇವೆ. ಲೆಕ್ಕವನ್ನು ಸಮ ಹಂಚಿದರೆ ದೊಡ್ಡವು ಸಣ್ಣವಕ್ಕಾಗಿ ಕಾಯುತ್ತವೆ. ಅರ್ಧ ಗಂಟೆಯಲ್ಲಿ ಲ್ಯಾಪ್‌ಟಾಪ್ ಬಿಸಿಯಾಗಿ ವೇಗ ಬೀಳುತ್ತದೆ.

ಗ್ರಾಫಿಕ್ಸ್ ಕಾರ್ಡಿಗೆ ಜನ ಸುಮ್ಮನೆ ದುಡ್ಡು ಸುರಿಯುತ್ತಾರೆ ಅನ್ನುವುದು ನನ್ನ ಅಭಿಪ್ರಾಯ. ಹಳೆಯ ಕ್ವಾಡ್ರೋ ಪಿ2000 ಒಂದನ್ನೇ ಎರಡೂ ಟವರಿಗೆ ಬದಲಿಸಿ ಹಾಕಿದೆ. 5 ಜಿಬಿ, ಬೇರೆ ಪವರ್ ಕೇಬಲ್ ಬೇಡ. 640 ಪಾರ್ಟಿನ ಅಸೆಂಬ್ಲಿ ತಡೆಯಿಲ್ಲದೆ ತಿರುಗಿತು.

ಕರೆಂಟಿನ ಮಾತು ಹೇಳಲೇಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ರಾತ್ರಿ ಎಷ್ಟು ಸಲ ಹೋಗುತ್ತದೋ. ರೈಜನ್ ಅನ್ನು 105 ವ್ಯಾಟಿನ ಇಕೋ (ಕರೆಂಟ್ ಉಳಿಸುವ) ಮೋಡಿಗೆ ಹಾಕಿದಾಗ ಗಾಳಿಯ ಲೆಕ್ಕ ಐದಾರು ನಿಮಿಷ ತಡವಾಯಿತು ಅಷ್ಟೆ, ಫ್ಯಾನ್ ಸದ್ದು ಕಡಿಮೆಯಾಯಿತು, ಯುಪಿಎಸ್ ಹೆಚ್ಚು ಹೊತ್ತು ತಡೆಯಿತು. ಜಿಯಾನ್‌ಗಳು ತಲಾ 120 ವ್ಯಾಟಿನವು, ರೂಮು ಬೆಚ್ಚಗಾಗುತ್ತದೆ. ಓಪನ್‌ಫೋಮ್‌ನಲ್ಲಿ ನೂರು ಸುತ್ತಿಗೊಮ್ಮೆ ಫೈಲ್ ಬರೆಯುವಂತೆ ಇಟ್ಟಿದ್ದೇನೆ, ನಿಂತರೆ ಅಲ್ಲಿಂದಲೇ ಮುಂದುವರಿಯುತ್ತದೆ. ಈ ಜಿಯಾನ್ ವಿಂಡೋಸ್ 11 ಬೆಂಬಲಿಸುವ ಸಿಪಿಯುಗಳ ಪಟ್ಟಿಯಲ್ಲಿ ಇಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿಯಿತು. ಹಾಗಾಗಿ ಅದಕ್ಕೆ ವಿಂಡೋಸ್ ಬದಲು ಉಬುಂಟು ಲಿನಕ್ಸ್ ಹಾಕಿ, ಮಾನಿಟರ್ ಬಿಚ್ಚಿ ಹಿಂದಿನ ರೂಮಿಗೆ ಸೇರಿಸಿದ್ದೇನೆ.

ಯಜಮಾನರ ಶೆಡ್ಡಿನಲ್ಲಿ ಹುಡುಗನೊಬ್ಬ ಬೆಳಗಿನಿಂದ ಸಂಜೆವರೆಗೆ ಡ್ರಾಯಿಂಗ್ ಮಾಡುತ್ತಾನೆ, ವಾರಕ್ಕೊಂದು ಸ್ಟ್ರೆಸ್ ಲೆಕ್ಕ. ರೈಜನ್, 48ರ ಎರಡು ಕಡ್ಡಿ, ಒಳ್ಳೆಯ ಯುಪಿಎಸ್ ಅಂತ ಚೀಟಿ ಬರೆದುಕೊಟ್ಟೆ.

"ಹಾಗಾದ್ರೆ 28 ಕೋರ್ ಬೇಡ ಅಂತೀಯ?"

"ನಿಮಗೆ ಬೇಡಣ್ಣ. ಗಾಳಿ ಲೆಕ್ಕ ಬಂದಾಗ ಫೈಲ್ ಕಳಿಸಿ, ರಾತ್ರಿ ನಮ್ಮ ರೂಮಲ್ಲಿ ಓಡುತ್ತೆ."